ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ: ನಸುಕಿನಿಂದ ಇರುಳಿನವರೆಗೆ ಮಂಗಳೂರಿನ ಫೋಟೋ ತೆಗೆಯುವ ಬಗೆ

ಮೊದಲ ಸಲ ಕ್ಯಾಮೆರಾ ಹೊತ್ತು ಮಂಗಳೂರಿಗೆ ಹೋದಾಗ ಬೆಳಗಿನ ಐದೂಮುಕ್ಕಾಲಿಗೇ ತಣ್ಣೀರುಬಾವಿಯ ಮರಳಿನಲ್ಲಿ ಟ್ರೈಪಾಡ್ ನೆಟ್ಟು, ಅಲೆಗಳ ಕಡೆ ಲೆನ್ಸ್ ತಿರುಗಿಸಿ, ಸೂರ್ಯೋದಯಕ್ಕೆ ಕಾದು ಕೂತಿದ್ದೆ. ಬೆಂಗಳೂರಿನ ಬನಶಂಕರಿಯಲ್ಲಿ ಹುಟ್ಟಿ ಬೆಳೆದವನು ನಾನು. ಸಮುದ್ರ ಅಂದಮೇಲೆ ಸೂರ್ಯ ಅದರೊಳಗಿಂದಲೇ ಏಳಬೇಕು ಅನ್ನೋದು ಮನೆಯ ಕ್ಯಾಲೆಂಡರ್ ಕಲಿಸಿದ ಪಾಠ. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಿಂತು ನೋಡಿ ಕೇಳಿದರು: "ಎಂತ ಮಾರಾಯ್ರೆ, ಸೂರ್ಯ ಹುಟ್ಟುದು ನಿಮ್ಮ ಬೆನ್ನಿನ ಹಿಂದೆ ಅಲ್ವಾ?"

ನಾಚಿಕೆಯಾಯಿತು, ನಿಜ. ಆದರೆ ಅವತ್ತು ತೆಗೆದ ಮುನ್ನೂರು ಚಿಲ್ಲರೆ ಚಿತ್ರಗಳಲ್ಲಿ ಇವತ್ತಿಗೂ ಉಳಿಸಿಕೊಂಡಿರುವುದು ಆ ತಪ್ಪು ದಿಕ್ಕಿಗೆ ನಿಂತು ತೆಗೆದ ನಾಲ್ಕನ್ನು ಮಾತ್ರ. ಅದು ಯಾಕೆ ಅಂತ ಅರ್ಥವಾಗಲು ಇನ್ನೂ ಮೂರು ಸಲ ಹೋಗಬೇಕಾಯಿತು. ಬೆಂಗಳೂರಿನಿಂದ ರಾತ್ರಿ ಹೊರಟು, ಒಂದು ಪೂರ್ತಿ ಹಗಲು ಅಲ್ಲಿ ಫೋಟೋ ತೆಗೆದು, ಮತ್ತೆ ರಾತ್ರಿ ಬಸ್ಸೋ ರೈಲೋ ಹಿಡಿದು ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಕ್ಯಾಮೆರಾ ಇಲ್ಲದವರೂ ಓದಬಹುದು. ಸೆಟ್ಟಿಂಗುಗಳನ್ನು ಕೈಯಾರೆ ಬದಲಿಸುವ ಪ್ರೊ ಮೋಡ್ ಇರುವ ಫೋನ್ ಇದ್ದರೆ ಮುಕ್ಕಾಲು ಪಾಲು ಕೆಲಸ ನಡೆಯುತ್ತದೆ.

ಮೊದಲು ಬೆಂಗಳೂರಿನಲ್ಲೇ ತಾಲೀಮು

ಬೆಂಗಳೂರು, ಮಂಗಳೂರು ಎರಡೂ ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಹಾಗಾಗಿ ಸೂರ್ಯ ಆಕಾಶದಲ್ಲಿ ನಡೆಯುವ ದಾರಿ ಎರಡೂ ಊರಿನಲ್ಲಿ ಒಂದೇ. ನಾವು ಪೂರ್ವಕ್ಕಿರುವುದರಿಂದ ನಮಗೆ ಸುಮಾರು 11 ನಿಮಿಷ ಮೊದಲು ಬೆಳಗಾಗುತ್ತದೆ, 11 ನಿಮಿಷ ಮೊದಲು ಸಂಜೆಯಾಗುತ್ತದೆ, ಅಷ್ಟೇ ವ್ಯತ್ಯಾಸ. ಅಂದರೆ ಇಲ್ಲಿ ಕಲಿತ ಲೆಕ್ಕ ಅಲ್ಲಿಗೆ ಹಾಗೆಹಾಗೇ ಹೊಂದುತ್ತದೆ. ಬದಲಾಗುವುದು ಗಾಳಿ. ನಮ್ಮದು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಒಣ ಗಾಳಿ, ಅವರದು ಉಪ್ಪು ಬೆರೆತ ಒದ್ದೆ ಗಾಳಿ.

ಹೊರಡುವ ಮುಂಚಿನ ವಾರ ಎರಡು ಕಡೆ ಹೋಗಿ ಬನ್ನಿ. ಮೊದಲನೆಯದು ಕೆ.ಆರ್. ಮಾರುಕಟ್ಟೆಯ ಹೂವಿನ ಸಂತೆ, ಬೆಳಗಿನ ಐದಕ್ಕೆ. ಕತ್ತಲು, ಬಲ್ಬು, ಟ್ಯೂಬ್‌ಲೈಟು, ತಲೆಹೊರೆ ಹೊತ್ತು ಓಡುವ ಜನ: ಮಂಗಳೂರಿನ ದಕ್ಕೆಯಲ್ಲಿ (ಮೀನಿನ ಬೋಟುಗಳು ನಿಲ್ಲುವ ಕಟ್ಟೆ) ಎದುರಾಗುವುದೂ ಇದೇ, ಹೂವಿನ ಜಾಗದಲ್ಲಿ ಮೀನು. ಶಟರ್ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) ಸೆಕೆಂಡಿನ 1/250ಕ್ಕಿಂತ ನಿಧಾನವಾಗದಂತೆ ನೋಡಿಕೊಂಡು, ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆಯ ಅಂಕಿ) ಎಷ್ಟು ಏರಿಸಿದರೆ ನಿಮ್ಮ ಕ್ಯಾಮೆರಾ ಕಾಳುಕಾಳಾಗದೆ ತಡೆದುಕೊಳ್ಳುತ್ತದೆ ಅನ್ನುವುದನ್ನು ಅಲ್ಲೇ ಕಂಡುಕೊಳ್ಳಿ. ನನ್ನ ಹಳೇ ಕ್ಯಾಮೆರಾಗೆ 3200 ಮಿತಿ. ಎರಡನೆಯದು ಹಲಸೂರು ಕೆರೆಯ ಪೂರ್ವದ ದಂಡೆ, ಸಂಜೆ. ನೀರಿನ ಮೇಲೆ ಸೂರ್ಯ ಇಳಿಯುವುದು, ಆಮೇಲೆ ದೀಪಗಳು ನೀರಿನಲ್ಲಿ ಕಾಣುವುದು, ಇವೆರಡರ ನಡುವೆ ಎಷ್ಟು ನಿಮಿಷ ಸಿಗುತ್ತದೆ ಅಂತ ಕೈಗಡಿಯಾರ ಹಿಡಿದು ನೋಡಿ. ಆಶ್ಚರ್ಯಪಡುವಷ್ಟು ಕಡಿಮೆ.

ಆ ಕಡಿಮೆಗೆ ಕಾರಣವಿದೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಓರೆಯಾಗಿ ಜಾರುವುದಿಲ್ಲ, ಹೆಚ್ಚುಕಡಿಮೆ ನೇರ ಕೆಳಗೆ ಬೀಳುತ್ತಾನೆ. ದಿಗಂತದಿಂದ 6 ಡಿಗ್ರಿ ಮೇಲಿದ್ದವನು ಮುಳುಗಲು ಸುಮಾರು 25 ನಿಮಿಷ ಸಾಕು. ಮುಳುಗಿದ ಮೇಲೆ ಮಬ್ಬುಬೆಳಕು ಇರುವುದೂ ಹತ್ತಿರಹತ್ತಿರ ಅಷ್ಟೇ. ಲಂಡನ್ನಿನವರು ಯೂಟ್ಯೂಬಿನಲ್ಲಿ 'ಗೋಲ್ಡನ್ ಅವರ್' ಅಂತ ಆರಾಮಾಗಿ ಲೆನ್ಸ್ ಬದಲಿಸುತ್ತಾ ಮಾತಾಡುವುದನ್ನು ನೋಡಿ ಮೋಸಹೋಗಬೇಡಿ. ನಮ್ಮ ಹೊಂಬಿಸಿಲಿಗೆ ಗಂಟೆಯ ಲೆಕ್ಕವಿಲ್ಲ, ಅರ್ಧ ಗಂಟೆಯೂ ಇಲ್ಲ.

ಯಾವ ತಿಂಗಳು?

ನವೆಂಬರಿನಿಂದ ಫೆಬ್ರವರಿ. ಆಕಾಶ ತಿಳಿ, ಬೆವರು ಕಡಿಮೆ. ಡಿಸೆಂಬರ್ ನಡುವಿನಲ್ಲಿ ಮಂಗಳೂರಿನ ಸೂರ್ಯೋದಯ ಸುಮಾರು 6.45ಕ್ಕೆ, ಸೂರ್ಯಾಸ್ತ 6.05ರ ಆಸುಪಾಸು. ಮೋಡದ ಆಟ ಬೇಕೆನ್ನುವವರು ಮಳೆ ಹಿಂದೆ ಸರಿಯುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ದಕ್ಕೆಯಲ್ಲಿ ಕಟ್ಟಿಹಾಕಿದ ಬೋಟುಗಳು ಕಾಣುತ್ತವೆ, ಆದರೆ ಗದ್ದಲ ಇರುವುದಿಲ್ಲ.

ಇನ್ನೊಂದು ಮಾತು. ಸೂರ್ಯ ಮುಳುಗುವ ಜಾಗ ವರ್ಷವಿಡೀ ಒಂದೇ ಅಲ್ಲ. ಡಿಸೆಂಬರಿನಲ್ಲಿ ನೇರ ಪಶ್ಚಿಮಕ್ಕಿಂತ 24 ಡಿಗ್ರಿ ದಕ್ಷಿಣಕ್ಕೆ, ಜೂನಿನಲ್ಲಿ ಅಷ್ಟೇ ಉತ್ತರಕ್ಕೆ. ನಮ್ಮ ಗವೀಪುರದ ಗಂಗಾಧರೇಶ್ವರನ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ನಂದಿಯ ಕೊಂಬಿನ ನಡುವಿನಿಂದ ಬಿಸಿಲು ಲಿಂಗದ ಮೇಲೆ ಬೀಳುತ್ತದಲ್ಲ, ಅದನ್ನು ಕಟ್ಟಿದವರ ತಲೆಯಲ್ಲಿದ್ದದ್ದೂ ಈ ಲೆಕ್ಕವೇ. ಈಗ ಫೋನಿನ ಆಪ್ ದಿಕ್ಕನ್ನು ಗೆರೆ ಎಳೆದು ತೋರಿಸುತ್ತದೆ. ಒಂದು ಸಲ ನೋಡಿಕೊಂಡು ಹೋಗಿ.

ಬ್ಯಾಗಿನಲ್ಲಿ ಏನಿರಬೇಕು

ಒಂದು ಅಗಲದ ಲೆನ್ಸ್, ಒಂದು ಮಧ್ಯಮ ಜೂಮ್, ಟ್ರೈಪಾಡ್, ಗಾಳಿ ಊದುವ ಬ್ಲೋವರ್, ಎರಡು ಹತ್ತಿ ಬಟ್ಟೆ, ಒಂದು ಪುಟ್ಟ ಬಾಟಲಿ ಕುಡಿಯುವ ನೀರು, ದೊಡ್ಡ ಜಿಪ್ ಕವರ್. ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಇದ್ದರೆ ಇಟ್ಟುಕೊಳ್ಳಿ. ಡ್ರೋನ್ ಮನೆಯಲ್ಲೇ ಇರಲಿ. ಬಂದರು ಇರುವ ಊರಿನಲ್ಲಿ ಅದರ ಅನುಮತಿಯ ತಾಪತ್ರಯ ಒಂದು ದಿನದ ಪ್ರವಾಸಿಗೆ ಬೇಡ.

ಜಿಪ್ ಕವರ್ ಯಾಕೆಂದರೆ, ರಾತ್ರಿಯಿಡೀ ಎ.ಸಿ. ಬಸ್ಸಿನಲ್ಲಿ ತಣ್ಣಗಾದ ಕ್ಯಾಮೆರಾವನ್ನು ಇಳಿದ ಕೂಡಲೇ ಹೊರತೆಗೆದರೆ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಒರೆಸಿದರೆ ಮತ್ತೆ ಬರುತ್ತದೆ. ನನ್ನ ಎರಡನೇ ಪ್ರವಾಸದ ನಸುಕೆಲ್ಲ ಹೀಗೇ ಹಾಳಾಯಿತು: ಆಕಾಶ ಗುಲಾಬಿ, ನನ್ನ ಲೆನ್ಸ್ ಬಿಸಿನೀರಿನ ಮನೆಯ ಕನ್ನಡಿ. ಬಸ್ಸಿನಲ್ಲಿರುವಾಗಲೇ ಕ್ಯಾಮೆರಾವನ್ನು ಕವರಿನೊಳಗೆ ಹಾಕಿ ಬಿಗಿಯಾಗಿ ಮುಚ್ಚಿ. ಇಳಿದ ಮೇಲೆ ಅರ್ಧದಿಂದ ಮುಕ್ಕಾಲು ಗಂಟೆ ತೆರೆಯಬೇಡಿ. ಹಬೆ ಕವರಿನ ಹೊರಗೆ ಕೂರುತ್ತದೆ, ಒಳಗೆ ಕ್ಯಾಮೆರಾ ನಿಧಾನಕ್ಕೆ ಬೆಚ್ಚಗಾಗುತ್ತದೆ. ಮಧ್ಯಾಹ್ನ ಎ.ಸಿ. ಹೋಟೆಲಿನಲ್ಲಿ ಕೂತು ಎದ್ದಾಗಲೂ ಇದೇ ನಿಯಮ.

ಹೊರಡುವ ಮುಂಚೆ ಒಂದು ಸೆಟ್ಟಿಂಗ್

ವೈಟ್ ಬ್ಯಾಲೆನ್ಸನ್ನು (ಚಿತ್ರದ ಬಣ್ಣದ ಸಮತೋಲನ) ಆಟೊದಿಂದ ತೆಗೆದು 'ಡೇಲೈಟ್'ಗೆ, ಅಂದರೆ ಸುಮಾರು 5200–5500 ಕೆಲ್ವಿನ್‌ಗೆ ಕಟ್ಟಿಹಾಕಿ. ಇಡೀ ದಿನ ಮುಟ್ಟಬೇಡಿ. ಆಟೊ ಮೋಡ್ ಒಳ್ಳೇ ಹುಡುಗನ ಹಾಗೆ, ನಸುಕಿನ ನೀಲಿಯನ್ನೂ ಸಂಜೆಯ ಕೆಂಪನ್ನೂ 'ಸರಿಮಾಡಿ' ಬಿಳಿಯ ಹತ್ತಿರ ತಂದಿಡುತ್ತದೆ. ನಾವು ಹೋಗುತ್ತಿರುವುದೇ ಬೆಳಕು ಬದಲಾಗುವುದನ್ನು ಹಿಡಿಯಲು, ಅದನ್ನೇ ಅಳಿಸಿಬಿಟ್ಟರೆ ಉಳಿಯುವುದೇನು? ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಕಚ್ಚಾ ಚಿತ್ರ) ತೆಗೆಯುವವರು ಆಮೇಲೆ ಬದಲಿಸಬಹುದು, ಒಪ್ಪಿದೆ. ಆದರೂ ಪರದೆಯ ಮೇಲೆ ನಿಜವಾದ ಬಣ್ಣ ಕಂಡರೆ ನಿರ್ಧಾರಗಳು ಬೇರೆಯಾಗುತ್ತವೆ. ಫೋನಿನಲ್ಲೂ ಪ್ರೊ ಮೋಡಿಗೆ ಹೋಗಿ ಇದೇ ಸಂಖ್ಯೆ ಇಡಿ.

ನಸುಕು, 6.00: ಕಡಲಿನ ಕಡೆ ಮುಖ

ಬಸ್‌ಸ್ಟ್ಯಾಂಡಿನಿಂದ ಆಟೊ ಹಿಡಿದು ಕೂಳೂರು ಸೇತುವೆ ದಾಟಿ ತಣ್ಣೀರುಬಾವಿಗೆ ಬನ್ನಿ. ಒಂದು ಪಕ್ಕ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕ ಗುರುಪುರ ನದಿ, ನಡುವೆ ಮರಳಿನ ನಾಲಿಗೆ: ಇದು ತಣ್ಣೀರುಬಾವಿ. ಊರು ಇರುವುದು ನದಿಯ ಆಚೆ, ಪೂರ್ವಕ್ಕೆ.

ಸೂರ್ಯೋದಯಕ್ಕೆ ಇಪ್ಪತ್ತು ನಿಮಿಷ ಇರುವಾಗ ಸಮುದ್ರದ ಕಡೆ ತಿರುಗಿ ನಿಲ್ಲಿ. ಹೌದು, ಸೂರ್ಯನಿಗೆ ಬೆನ್ನು ಹಾಕಿ. ನೀರಿನ ಅಂಚಿನ ಮೇಲೆ ಒಂದು ಬೂದುನೀಲಿ ಪಟ್ಟಿ, ಅದರ ಮೇಲೆ ಗುಲಾಬಿ ಪಟ್ಟಿ ಕಾಣುತ್ತದೆ. ಬೂದುನೀಲಿ ಬಣ್ಣದ್ದು ಭೂಮಿಯದೇ ನೆರಳು, ಗಾಳಿಯ ಮೇಲೆ ಬಿದ್ದದ್ದು. ಗುಲಾಬಿ, ಇನ್ನೂ ಕಾಣದ ಸೂರ್ಯನ ಕೆಂಪು ಬೆಳಕು ಎತ್ತರದ ಗಾಳಿಗೆ ತಗುಲಿ ನಮ್ಮ ಕಡೆ ಹಿಂತಿರುಗಿದ್ದು. ಸೂರ್ಯ ಏರುತ್ತಿದ್ದಂತೆ ನೆರಳಿನ ಪಟ್ಟಿ ಕಡಲೊಳಗೆ ಇಳಿದುಹೋಗುತ್ತದೆ. ಬೆಂಗಳೂರಿನಲ್ಲಿ ಇದು ಕಟ್ಟಡಗಳ ಹಿಂದೆ ಮುಚ್ಚಿಹೋಗಿರುತ್ತದೆ. ಇಲ್ಲಿ ದಿಗಂತ ಪೂರ್ತಿ ಬಯಲು. ಆ ಹಿರಿಯರು ನಕ್ಕ ಬೆಳಿಗ್ಗೆ ನನಗೆ ಸಿಕ್ಕ ನಾಲ್ಕು ಚಿತ್ರ ಇವೇ.

ಐಎಸ್‌ಒ 100, ಎಫ್ 8 (ಲೆನ್ಸಿನ ಕಿಂಡಿಯ ಅಳತೆ), ಶಟರ್ ಒಂದೆರಡು ಸೆಕೆಂಡಿನಿಂದ ಶುರುಮಾಡಿ. ಅಲೆ ಹಿಂದೆ ಸರಿಯುವಾಗ ಒದ್ದೆ ಮರಳು ಕನ್ನಡಿಯಾಗಿ ಗುಲಾಬಿಯನ್ನು ಹಿಡಿಯುತ್ತದೆ. ಶಟರ್ ಒತ್ತಬೇಕಾದದ್ದು ಅಲೆ ಬರುವಾಗ ಅಲ್ಲ, ಹೋಗುವಾಗ. ಟ್ರೈಪಾಡಿನ ಕಾಲುಗಳನ್ನು ಮರಳಿನಲ್ಲಿ ಒತ್ತಿ ಹೂಳಿ, ಇಲ್ಲದಿದ್ದರೆ ಪ್ರತಿ ಅಲೆಗೂ ಅದು ಒಂದು ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಚಿತ್ರ ಅಲುಗುತ್ತದೆ. ಲೆನ್ಸ್ ಬದಲಿಸುವ ಆಸೆ ಬೇಡ.

6.45 ಆಗುತ್ತಿದ್ದಂತೆ ಗಂಟುಮೂಟೆ ಕಟ್ಟಿ ನದಿಯ ದಂಡೆಗೆ ನಡೆಯಿರಿ. ಕೆಲವೇ ನಿಮಿಷದ ದಾರಿ. ಪೂರ್ವಕ್ಕೆ ಗುಡ್ಡ, ತೆಂಗು, ಎತ್ತರದ ಕಟ್ಟಡ ಇರುವುದರಿಂದ ಸೂರ್ಯ ಆಪ್ ಹೇಳಿದ್ದಕ್ಕಿಂತ ತಡವಾಗಿಯೇ ತಲೆ ಎತ್ತುತ್ತಾನೆ. ಈಗ ಇಡೀ ಊರು ಕಪ್ಪು ಆಕೃತಿ, ನದಿ ಚಿನ್ನದ ತಗಡು. ಆಕಾಶಕ್ಕೆ ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ಹಿಡಿದು, ನದಿ ದಾಟುವ ದೋಣಿಯೊಂದು ಹೊಳಪಿನೊಳಗೆ ಬರುವವರೆಗೆ ಕಾಯಿರಿ.

ಇಲ್ಲಿ ಒಂದು ಜಾಗ ಗುರುತು ಮಾಡಿಕೊಳ್ಳಿ: ಒಂದು ಕಲ್ಲು, ಒಂದು ತೆಂಗಿನ ಮರ, ಏನಾದರೂ. ಲೆನ್ಸ್ ಎಷ್ಟು ಮಿಲಿಮೀಟರ್, ದಿಗಂತ ಚೌಕಟ್ಟಿನ ಎಲ್ಲಿ ಬಂದಿದೆ, ಎಡ ಅಂಚಿನಲ್ಲಿ ಯಾವ ಕಟ್ಟಡ ಅಂತ ಬರೆದಿಡಿ. ಸಂಜೆ ಇದೇ ಜಾಗಕ್ಕೆ ಬರುತ್ತೇವೆ.

ದಕ್ಕೆ, 7.30

ಹಳೇ ಬಂದರಿನ ಮೀನುಗಾರಿಕಾ ದಕ್ಕೆ ನನ್ನ ಮಟ್ಟಿಗೆ ಮಂಗಳೂರಿನ ಹೃದಯ. ಬೇಗ ತಲುಪಿದಷ್ಟೂ ಒಳ್ಳೆಯದು. ಎಳೆಬಿಸಿಲು ಊರಿನ ಕಡೆಯಿಂದ ಓರೆಯಾಗಿ ಬಂದು ಬೋಟುಗಳ ಮೇಲೆ ಬೀಳುತ್ತದೆ. ನೀಲಿ, ಹಸಿರು, ಕೆಂಪು ಬಣ್ಣ ಬಳಿದ ಮರದ ಮೈ, ಮೇಲೆ ಬಾವುಟ, ಕೆಳಗೆ ಎಣ್ಣೆ ತೇಲುವ ನೀರಿನಲ್ಲಿ ಅದೇ ಬಣ್ಣಗಳ ಕಲಸುಮೇಲೋಗರ. ಶೆಡ್ಡಿನ ಒಳಗೆ ಕತ್ತಲು, ಹೊರಗೆ ಬಿಸಿಲು. ಕ್ಯಾಮೆರಾ ಇಲ್ಲಿ ತಬ್ಬಿಬ್ಬಾಗುತ್ತದೆ.

ಮಾಡಬೇಕಾದದ್ದು ಇಷ್ಟು. ನೆರಳು–ಬಿಸಿಲಿನ ಗಡಿಯಲ್ಲಿ ನಿಂತು ಒಳಮುಖವಾಗಿ ನೋಡಿ. ಜನ ಗಡಿಯ ಹತ್ತಿರ ಬಂದಾಗ ಅವರ ಮುಖಕ್ಕೆ ಮೆದುವಾದ ಬೆಳಕು ಬೀಳುತ್ತದೆ, ಹಿನ್ನೆಲೆ ತಾನಾಗಿ ಕಪ್ಪಾಗುತ್ತದೆ. ಐಎಸ್‌ಒ 800, ಎಫ್ 4, 1/250 ಅಂತ ಮ್ಯಾನ್ಯುವಲ್‌ನಲ್ಲಿ ಇಟ್ಟು, ಒಂದೆರಡು ತೆಗೆದು ನೋಡಿ ಸರಿಪಡಿಸಿಕೊಂಡು, ಆಮೇಲೆ ಜನರನ್ನು ನೋಡಿ, ಬೆಳಕು ಅಳೆಯುವ ಮೀಟರನ್ನಲ್ಲ. ಫೋನಿನವರು ಮುಖದ ಮೇಲೆ ಒತ್ತಿ ಹಿಡಿದು ಎಕ್ಸ್‌ಪೋಶರ್ ಲಾಕ್ ಮಾಡಿ, ಬೆರಳನ್ನು ಸ್ವಲ್ಪ ಕೆಳಗೆ ಜಾರಿಸಿ. ಬಂಗುಡೆಯ ಬೆನ್ನಿನ ಗೆರೆಗಳು, ಐಸಿನ ಪುಡಿ, ಬೂತಾಯಿಯ ಬೆಳ್ಳಿ ಹೊಳಪು ಇವೆಲ್ಲ ಬಿಳಿಚಿಕೊಂಡು ಹೋಗದಿರಬೇಕಾದರೆ ಒಂದು ಸ್ಟಾಪ್ (ಅಂದರೆ ಅರ್ಧ ಬೆಳಕು) ಕಡಿಮೆಯೇ ಇರಲಿ.

ಕ್ಯಾಮೆರಾಗಿಂತ ಮುಖ್ಯವಾದದ್ದು ನಡತೆ. ಏಲಂ ನಡೆಯುವಾಗ ಗುಂಪಿನ ನಡುವೆ ನುಗ್ಗಬೇಡಿ. ಬುಟ್ಟಿ ಹೊತ್ತವರಿಗೆ ದಾರಿ ಬಿಡಿ, ಅವರು ನಿಲ್ಲುವಂತಿಲ್ಲ. ನೆಲ ಜಾರುತ್ತದೆ, ತೊಳೆಯಬಹುದಾದ ಚಪ್ಪಲಿ ಹಾಕಿಕೊಳ್ಳಿ. ಮತ್ತೆ, ಕೇಳಿ ತೆಗೆಯಿರಿ. ನಾನೊಮ್ಮೆ ಮೀನು ಮಾರುವ ಒಬ್ಬರ ಎದುರು ಕೂತು, "ಅಕ್ಕ, ಒಂದು ಫೋಟೋ ತೆಗೀಲಾ?" ಅಂದೆ. ಅವರು ಕತ್ತಿ ಕೆಳಗಿಡದೆ, "ಫೋಟೋ ತೆಗೀರಿ, ಮೀನೂ ತೆಗೊಳ್ಳಿ" ಅಂದರು. ಅಡುಗೆಮನೆಯೇ ಇಲ್ಲದ ಊರಿನಲ್ಲಿ ಅರ್ಧ ಕಿಲೋ ಬಂಗುಡೆ ಕೊಂಡೆ. ಅವರು ಹಣ ಎಣಿಸುವಾಗ, ಹುರುಪೆ ಅಂಟಿದ ಬೆರಳುಗಳಿಗೆ ಬಿಸಿಲು ಬಿದ್ದು ಒಂದೊಂದು ಹುರುಪೆಯೂ ಮಿಣುಕಿತು. ಆ ಚಿತ್ರದಲ್ಲಿ ಮುಖವೇ ಇಲ್ಲ. ಬಂಗುಡೆ ಆಟೊದವರ ಮನೆ ಸೇರಿತು.

ಪಣಂಬೂರಿನ ನವ ಮಂಗಳೂರು ಬಂದರಿನ ಕಥೆಯೇ ಬೇರೆ. ಅದು ಭದ್ರತೆಯ ಜಾಗ. ಅನುಮತಿಯಿಲ್ಲದೆ ಅತ್ತ ಲೆನ್ಸ್ ತಿರುಗಿಸಬೇಡಿ.

ನಡುಹಗಲು

ಹತ್ತೂವರೆಯ ಮೇಲೆ ಬಯಲಿನಲ್ಲಿ ಕೆಲಸವಿಲ್ಲ. ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ನಡುವಿನಲ್ಲೂ ಸೂರ್ಯ ನಮ್ಮ ನೆತ್ತಿಯ ಮೇಲೇ ನಿಲ್ಲುತ್ತಾನೆ, ನೆರಳೇ ಇಲ್ಲದ ದಿನ ಅಂತ ಬೆಂಗಳೂರಿನ ಶಾಲೆ ಮಕ್ಕಳು ಅಂಗಳದಲ್ಲಿ ಕೋಲು ನೆಟ್ಟು ನೋಡುತ್ತಾರಲ್ಲ, ಅದು. ಡಿಸೆಂಬರಿನಲ್ಲಿ ಅಷ್ಟು ಕೆಟ್ಟದಿಲ್ಲ: ಮಧ್ಯಾಹ್ನಕ್ಕೂ ಸೂರ್ಯ ದಕ್ಷಿಣಕ್ಕೆ ವಾಲಿ 54 ಡಿಗ್ರಿಯಲ್ಲಿರುತ್ತಾನೆ, ರಥಬೀದಿಯಂಥ ಕಡೆ ಅಂಗಡಿಗಳ ಮಾಡಿನ ನೆರಳು ಗೋಡೆಯ ಮೇಲೆ ಓರೆ ಗೆರೆ ಎಳೆಯುತ್ತದೆ.

ಆದರೂ ನನ್ನ ಸಲಹೆ, ಒಳಗೆ ಹೋಗಿ. ಬಾವುಟಗುಡ್ಡದ ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆ, ಸೂರಿನ ಮೇಲೆಲ್ಲ ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಬಿಡಿಸಿದ ಚಿತ್ರಗಳಿವೆ. ಕ್ಯಾಮೆರಾ ತೆಗೆಯುವ ಮುಂಚೆ ಬಾಗಿಲಲ್ಲೇ ಕೇಳಿ. ಬೇಡವೆಂದರೆ ಸುಮ್ಮನೆ ಕೂತು ಕಿಟಕಿಯ ಬೆಳಕು ಬಣ್ಣದ ಮೇಲೆ ಹೇಗೆ ಹರಿಯುತ್ತದೆ ನೋಡಿ, ಅದೂ ಪಾಠವೇ. ಪೋಲರೈಸರ್ ಇದ್ದವರು ಹೊರಗೆ ತೆಂಗಿನ ಗರಿಯ ಮೇಲೆ ಪ್ರಯತ್ನಿಸಿ. ಗರಿಯ ಮೇಲಿನ ಬಿಳಿ ಹೊಳಪು ಹೋಗಿ ಹಸಿರು ಬರುತ್ತದೆ. ಆಮೇಲೆ ಮೀನೂಟ, ಮೇಲೊಂದು ಗಡ್‌ಬಡ್ ಐಸ್‌ಕ್ರೀಮ್, ಬ್ಯಾಟರಿ ಚಾರ್ಜಿಗೆ ಹಾಕಿ ಒಂದು ಗಂಟೆ ನಿದ್ದೆ.

ನಾಲ್ಕು ಗಂಟೆಗೆ ಹೆಂಚು ಎಚ್ಚರವಾಗುತ್ತದೆ

ಬಾಸೆಲ್ ಮಿಶನ್ನಿನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದರಿಂದ 'ಮಂಗಳೂರು ಹೆಂಚು' ಅನ್ನುವ ಹೆಸರು ನಮ್ಮ ಬಸವನಗುಡಿಯ ಹಳೇ ಮನೆಗಳ ತಲೆ ಮೇಲೂ ಬಂದು ಕೂತಿತು. ನಡುಹಗಲಿನಲ್ಲಿ ಹೆಂಚು ಬೂದಿ ಬಣ್ಣ. ನಾಲ್ಕರ ನಂತರ ಓರೆ ಬಿಸಿಲು ಸಾಲುಸಾಲಿನ ಏಣುಗಳನ್ನು ಎತ್ತಿ ತೋರಿಸುತ್ತದೆ, ಕೆಂಪು ಮರಳಿ ಬರುತ್ತದೆ. ಗುಡ್ಡದ ಇಳಿಜಾರಿನಿಂದ ಜೂಮ್ ಹಾಕಿ ತೆಂಗಿನ ನಡುವಿನ ಒಂದು ಮಾಡನ್ನಷ್ಟೇ ಹಿಡಿಯಿರಿ.

ಅಲ್ಲಿಂದ ಬೋಳೂರಿನ ಸುಲ್ತಾನ್ ಬತ್ತೇರಿ. ಟಿಪ್ಪು ಕಾಲದ ಕಪ್ಪುಕಲ್ಲಿನ ಕಾವಲು ಬುರುಜು. ಮೆಟ್ಟಿಲು ಹತ್ತಿ, ಗೋಡೆಯ ಕಿಂಡಿಯನ್ನೇ ಚೌಕಟ್ಟು ಮಾಡಿಕೊಂಡು ನದಿಯನ್ನು ನೋಡಿ. ಹದಿನೈದು ನಿಮಿಷ ಸಾಕು. ಅಲ್ಲಿಂದಲೇ ತಣ್ಣೀರುಬಾವಿಗೆ ದೋಣಿ. ಹತ್ತುವಾಗಲೇ ಕೊನೆಯ ದೋಣಿ ಎಷ್ಟಕ್ಕೆ ಅಂತ ಕೇಳಿಕೊಳ್ಳಿ. ನಾನು ಕೇಳಲಿಲ್ಲ. ಕತ್ತಲಲ್ಲಿ ಟ್ರೈಪಾಡ್ ಹೊತ್ತು, ಊರಿನ ದೀಪಗಳನ್ನು ನದಿಯಾಚೆ ನೋಡುತ್ತಾ, ಕೂಳೂರು ಸುತ್ತಿ ಬರುವ ಆಟೊಗಾಗಿ ಫೋನ್ ಒತ್ತುತ್ತಾ ನಿಂತ ಅನುಭವ ಆಗಿದೆ. ಈಗ ಬೆಳಗಿನ ಆಟೊದವರಿಗೇ ಸಂಜೆ ಏಳಕ್ಕೆ ಬರಲು ಹೇಳಿಟ್ಟಿರುತ್ತೇನೆ.

ಸಂಜೆ: ಊರಿನ ಕಡೆ ಮುಖ

4.50ಕ್ಕೆ ಬೆಳಿಗ್ಗೆ ಗುರುತು ಮಾಡಿದ ಜಾಗಕ್ಕೆ ಬಂದು ಅದೇ ಚೌಕಟ್ಟು ಕಟ್ಟಿ. ಬೆಳಿಗ್ಗೆ ಕಪ್ಪಾಗಿದ್ದ ಊರು ಈಗ ಎದುರು ಬಿಸಿಲಿನಲ್ಲಿ ಪೂರ್ತಿ ಬೆಳಗಿರುತ್ತದೆ. ಒಂದು ತೆಗೆದು, ಸೂರ್ಯಾಸ್ತಕ್ಕೆ ಕಡಲತೀರಕ್ಕೆ ಹೋಗಿ.

ಸೂರ್ಯಾಸ್ತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರ ಫೋನಿನಲ್ಲೂ ಅದು ಇದೆ. ಸೂರ್ಯನನ್ನು ಬಿಟ್ಟು ಪಕ್ಕದ ಆಕಾಶಕ್ಕೆ ಮೀಟರ್ ಹಿಡಿಯಿರಿ, ಲೆನ್ಸಿಗೆ ಉಪ್ಪು ನೀರು ಹಾರಿದ್ದರೆ ಮೊದಲು ಊದಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಕೊನೆಗೆ ಒಣ ಬಟ್ಟೆ. ಒಣಗಿದ ಉಪ್ಪನ್ನು ಹಾಗೇ ಉಜ್ಜಿದರೆ ಗೀರು ಬೀಳುತ್ತದೆ. ಸೂರ್ಯನ ಬಿಂಬ ನೀರಿಗೆ ತಾಗಿ ಪೂರ್ತಿ ಮುಳುಗಲು ಎರಡು ನಿಮಿಷದ ಮೇಲೆ ಸ್ವಲ್ಪ. ಜನ ಚಪ್ಪಾಳೆ ತಟ್ಟಿ ಗೋಳಿಬಜೆ ತಿನ್ನಲು ಹೊರಡುತ್ತಾರೆ. ನೀವು ಆಗ ನದಿಯ ಕಡೆ ಓಡಬೇಕು.

ಈಗ ಮತ್ತೆ ಸೂರ್ಯನಿಗೆ ಬೆನ್ನು. ಬೆಳಿಗ್ಗೆ ಕಡಲಿನ ಮೇಲೆ ಕಂಡ ಗುಲಾಬಿ ಪಟ್ಟಿ ಈಗ ಊರಿನ ಹಿಂದೆ ಎದ್ದಿರುತ್ತದೆ, ಅದರ ಅಡಿಯಿಂದ ಭೂಮಿಯ ನೆರಳು ಮೇಲೇರುತ್ತಿರುತ್ತದೆ. ಒಂದೊಂದೇ ಮನೆಯ ದೀಪ ಹತ್ತುತ್ತದೆ. ಟ್ರೈಪಾಡ್ ನೆಟ್ಟು, ಐಎಸ್‌ಒ 100, ಎಫ್ 8 ಕಟ್ಟಿಹಾಕಿ ಶಟರನ್ನಷ್ಟೇ ಬದಲಿಸುತ್ತಾ ಹೋಗಿ. ಸೂರ್ಯ ಮುಳುಗಿದ ಕ್ಷಣ 1/60ರ ಹತ್ತಿರ, ಹತ್ತು ನಿಮಿಷಕ್ಕೆ 1/8, ಇಪ್ಪತ್ತಕ್ಕೆ ಒಂದೆರಡು ಸೆಕೆಂಡ್, ಅರ್ಧ ಗಂಟೆಗೆ ಎಂಟು ಸೆಕೆಂಡ್ ಅಥವಾ ಹೆಚ್ಚು. ಮೋಡ ಇದ್ದರೆ ಲೆಕ್ಕ ಹೆಚ್ಚುಕಡಿಮೆಯಾಗುತ್ತದೆ, ಆದರೆ ಹತ್ತನೇ ನಿಮಿಷದ ನಂತರ ಎರಡು–ಮೂರು ನಿಮಿಷಕ್ಕೊಮ್ಮೆ ಬೆಳಕು ಅರ್ಧಕ್ಕಿಳಿಯುತ್ತದೆ ಅನ್ನುವುದು ನೆನಪಿರಲಿ. ಹದಿನೈದರಿಂದ ಇಪ್ಪತ್ತೈದನೇ ನಿಮಿಷದ ನಡುವೆ ಆಕಾಶದ ನೀಲಿಯೂ ಊರಿನ ದೀಪವೂ ಸಮತೂಕಕ್ಕೆ ಬರುತ್ತವೆ. ಆ ಹತ್ತು ನಿಮಿಷ ಫೋನ್ ಬಂದರೂ ಎತ್ತಬೇಡಿ. ಆಮೇಲೆ ಆಕಾಶ ಕಪ್ಪು, ದೀಪಗಳು ಚುಕ್ಕಿ, ಮುಗಿಯಿತು.

ಶಟರನ್ನು ಬೆರಳಿನಿಂದ ಒತ್ತಬೇಡಿ, ಎರಡು ಸೆಕೆಂಡಿನ ಟೈಮರ್ ಹಾಕಿ. ನದಿಯಲ್ಲಿ ದೋಣಿ ಹೋಗುತ್ತಿದ್ದರೆ ಉದ್ದನೆಯ ಎಕ್ಸ್‌ಪೋಶರಿನಲ್ಲಿ ಅದು ಮಾಯವಾಗಿ ದೀಪದ ಗೆರೆ ಉಳಿಯುತ್ತದೆ. ನನಗೆ ಅದು ಇಷ್ಟ, ನಿಮಗೆ ಬೇಡವೆಂದರೆ ದಾಟುವವರೆಗೆ ಕಾಯಿರಿ.

ಬೆಂಗಳೂರಿಗೆ ಮರಳಿದ ಮೇಲೆ

ಮೊದಲು ಟ್ರೈಪಾಡ್ ತೊಳೆಯಿರಿ. ಕಾಲುಗಳನ್ನು ಪೂರ್ತಿ ಎಳೆದು, ಲಾಕುಗಳನ್ನು ಸಡಿಲಿಸಿ, ನಲ್ಲಿ ನೀರು ಬಿಟ್ಟು, ತಾರಸಿಯ ನೆರಳಿನಲ್ಲಿ ಒಣಗಿಸಿ. ಕ್ಯಾಮೆರಾ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಚಿತ್ರಗಳನ್ನು ಆರಿಸುವಾಗ ಆ ಒಂದೇ ಚೌಕಟ್ಟಿನವನ್ನು ಮೊದಲು ಪಕ್ಕಪಕ್ಕ ಇಡಿ: ಬೆಳಗಿನ ಕಪ್ಪು ಊರು, 4.50ರ ಬಿಸಿಲೂರು, ಗುಲಾಬಿ ಹೊದ್ದ ಊರು, ದೀಪದ ಊರು. ಒಂದಕ್ಕೆ ಮಾಡಿದ ತಿದ್ದುಪಡಿಯನ್ನು ಎಲ್ಲಕ್ಕೂ ನಕಲು ಮಾಡಿ, ಬೇರೆ ಬೇರೆ ಮಾಡಿದರೆ ವ್ಯತ್ಯಾಸ ನಿಮ್ಮದಾಗುತ್ತದೆ, ಬೆಳಕಿನದಾಗುವುದಿಲ್ಲ. ನನ್ನ ನಾಲ್ಕನ್ನು ಅಮ್ಮನಿಗೆ ತೋರಿಸಿದಾಗ, "ನಾಲ್ಕು ಊರಿಗೆ ಹೋಗಿದ್ಯೇನೋ?" ಅಂದರು. ಟ್ರೈಪಾಡಿನ ಎಡಗಾಲನ್ನು ಎಳೆದಾಗ ಮರಳು ಇವತ್ತಿಗೂ ಕರಕರ ಅನ್ನುತ್ತದೆ, ಅದನ್ನಿನ್ನೊಮ್ಮೆ ಬಿಚ್ಚಿ ತೊಳೆಯಬೇಕು.